ಒಂದೂವರೆ ಮೀಟರ್ ಜಾಗ ಬಿಡಿ, ಸಾಕು

ಸಂಪಾದಕರಿಗೆ ನಮಸ್ಕಾರ.

ಕರಾವಳಿಯ ಪ್ರವಾಸೋದ್ಯಮ ಬೆಳೆಸುವ ಮಾತು ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ರೆಸಾರ್ಟ್, ಜೆಟ್ ಸ್ಕೀ, ತೇಲುವ ಸೇತುವೆ ಎಲ್ಲ ಉಂಟು. ಸೈಕಲ್ ಮಾತ್ರ ಜಾಥಾದ ದಿನ ನೆನಪಾಗುತ್ತದೆ. ಅತಿಥಿಗಳು ಹಸಿರು ನಿಶಾನೆ ಬೀಸಿ, ಫೋಟೊ ಆದ ಕೂಡಲೇ ಕಾರು ಹತ್ತುತ್ತಾರೆ. ಅದಕ್ಕೇ ಈ ಪತ್ರ.

ನಾನು ಕಟಪಾಡಿಯವನು, ಬ್ಯಾಂಕಿನಿಂದ ನಿವೃತ್ತ. ಬೆಳಗ್ಗೆ ಸೈಕಲ್ ಹೊಡೆಯುವ ನಮ್ಮದೊಂದು ಸಣ್ಣ ಗುಂಪು. ಹಲ್ಲಿನ ಡಾಕ್ಟ್ರು, ಅಡುಗೆ ಕಂಟ್ರಾಕ್ಟಿನ ಭಟ್ರು, ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇರುವ ಒಬ್ಬರು, ಮತ್ತೆ ನಾನು. ಕಳೆದ ಏಪ್ರಿಲ್‌ನಲ್ಲಿ ನಾವು ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪಕ್ಕೆ ಹೋಗಿದ್ದೆವು. ಸ್ಪೇನ್ ದೇಶಕ್ಕೆ ಸೇರಿದ ದ್ವೀಪ. ಬೇಸಿಗೆಯಲ್ಲಿ ಬಿಸಿಲು ಕಾಯಿಸುವವರ ಜಾತ್ರೆಯಂತೆ. ಆದರೆ ಫೆಬ್ರವರಿಯಿಂದ ಮೇ ತನಕ ಸೈಕಲಿನವರದೇ ರಾಜ್ಯ. ಯುರೋಪಿನ ವೃತ್ತಿಪರ ತಂಡಗಳು ಚಳಿಗಾಲದಲ್ಲಿ ಅಲ್ಲಿಗೆ ಬಂದು ಅಭ್ಯಾಸ ಮಾಡುತ್ತವೆ. ಅವರ ಹಿಂದೆ ನಮ್ಮಂಥ ಹೊಟ್ಟೆ ಬಂದವರೂ ಹೋಗುತ್ತಾರೆ.

ಊರಿಂದ ಸೈಕಲ್ ಹೊತ್ತುಕೊಂಡು ಹೋಗಲಿಲ್ಲ. ಪೊಯೆನ್ಸಾ ಬಂದರಿನ ಹತ್ತಿರ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯವನು ನಮ್ಮ ಎತ್ತರ ಅಳೆದು ಸೀಟು ಕೂರಿಸಿಕೊಟ್ಟ. ಪೇಟೆ ದಾಟಿದರೆ ಹೆಲ್ಮೆಟ್ ಕಡ್ಡಾಯ ಅಂದ. ಕುಡಿದು ಸೈಕಲ್ ಹೊಡೆದರೂ ಪೊಲೀಸರು ಬಾಯಿಗೆ ಮೆಷಿನ್ ಇಡುತ್ತಾರೆ ಅಂತ ಡಾಕ್ಟ್ರ ಮುಖ ನೋಡಿಯೇ ಹೇಳಿದ. ಯಾಕೆ ಅಂತ ಗೊತ್ತಿಲ್ಲ.

ರಸ್ತೆಗಳ ಬಗ್ಗೆ ಬರೆಯಲು ಹೊರಟರೆ ನಿಮ್ಮ ಪುಟ ಸಾಲದು. ಒಂದನ್ನು ಹೇಳುತ್ತೇನೆ. ದ್ವೀಪದ ವಾಯವ್ಯಕ್ಕೆ ತ್ರಾಮುಂತಾನಾ ಬೆಟ್ಟಸಾಲು. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅಲ್ಲಿಂದ ಸಾ ಕಲೋಬ್ರಾ ಎಂಬ ಸಣ್ಣ ಕಡಲತೀರಕ್ಕೆ ಒಂದೇ ಒಂದು ರಸ್ತೆ. ಪರಿಯೆತ್ತಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಮಾಡಿಸಿದ್ದು. ಒಂಬತ್ತೂವರೆ ಕಿಲೋಮೀಟರಿಗೆ 26 ಹೇರ್‌ಪಿನ್ ತಿರುವು. ಒಂದು ಕಡೆ ರಸ್ತೆ ಸುತ್ತು ಹಾಕಿ ತನ್ನ ಅಡಿಯಿಂದಲೇ ನುಗ್ಗಿ ಹೋಗುತ್ತದೆ. ಟೈ ಗಂಟು ಅಂತಲೇ ಅದಕ್ಕೆ ಹೆಸರು. ಇಳಿಯುವಾಗ ಎಲ್ಲರೂ ಶೂರರು. ಆದರೆ ಕೆಳಗೆ ಹೋದ ಮೇಲೆ ವಾಪಸ್ ಬರಲು ಬೇರೆ ರಸ್ತೆ ಇಲ್ಲ, ಅದೇ ಚಡಾವು ಹತ್ತಬೇಕು. ಭಟ್ರು ಕೆಳಗಿನ ಹೋಟೆಲಿನಲ್ಲಿ ಕೂತು, "ದೋಣಿ ಉಂಟಂತೆ ಮಾರಾಯ್ರೆ, ಸೈಕಲ್ ಹತ್ತಿಸ್ತಾರಾ ಕೇಳಿ" ಅಂದರು.

ಹತ್ತುವಾಗ ಒಂದು ತಿರುವಿನಲ್ಲಿ ನನ್ನ ಹಿಂದೆ ಪ್ರವಾಸಿಗರ ದೊಡ್ಡ ಬಸ್ಸು ಬಂತು. ನಾನು ಗಂಟೆಗೆ ಏಳೋ ಎಂಟೋ ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಿದ್ದೆ. ಎಂಜಿನ್ ಸದ್ದು ಕೇಳುತ್ತಿದೆ, ಹಾರ್ನ್ ಇಲ್ಲ. ಊರಿನ ಅಭ್ಯಾಸ ನೋಡಿ, ಹಾರ್ನ್ ಕೇಳದಿದ್ದರೇ ಹೆದರಿಕೆ ಜಾಸ್ತಿ. ತಿರುವು ಮುಗಿಯಿತು, ಮುಂದಿನ ತಿರುವೂ ಬಂತು. ಅವನು ಹಿಂದೆಯೇ ಇದ್ದ. ಎದುರಿನ ದಾರಿ ಖಾಲಿ ಕಂಡ ಮೇಲೆ ನಡುವಿನ ಗೆರೆ ದಾಟಿ, ಆಚೆ ಬದಿಗೆ ಪೂರ್ತಿ ಸರಿದು, ನಿಧಾನಕ್ಕೆ ಮುಂದೆ ಹೋದ. ನನಗೂ ಬಸ್ಸಿಗೂ ನಡುವೆ ಒಂದು ಆಕಳು ಆರಾಮಾಗಿ ನಡೆದು ಹೋಗಬಹುದಿತ್ತು.

ಇದು ಆ ಡ್ರೈವರನ ದೊಡ್ಡ ಗುಣ ಅಂತ ನಾನು ತಿಳಿಯುವುದಿಲ್ಲ. ಅಲ್ಲಿ ಕಾನೂನೇ ಹಾಗಿದೆ. ಸೈಕಲನ್ನು ದಾಟುವಾಗ ಕಡಿಮೆಯೆಂದರೆ ಒಂದೂವರೆ ಮೀಟರ್ ಬಿಡಬೇಕು. ಎದುರಿನಿಂದ ಯಾರೂ ಬರದಿದ್ದರೆ ನಡುವಿನ ಗೆರೆ ದಾಟಿಯಾದರೂ ಬಿಡಬೇಕು. 2022ರಿಂದ, ಒಂದೇ ದಿಕ್ಕಿಗೆ ಎರಡು ಲೇನ್ ಇದ್ದಲ್ಲಿ ಪೂರ್ತಿ ಪಕ್ಕದ ಲೇನಿಗೆ ಹೋಗಿಯೇ ದಾಟಬೇಕು. ತಪ್ಪಿದರೆ ದಂಡ, ಲೈಸೆನ್ಸಿನ ಅಂಕವೂ ಕಳೆಯುತ್ತದೆ. ಸೈಕಲಿನವರು ಗುಂಪಾಗಿ ಹೋಗುವಾಗ ಮೊದಲಿನವನು ಸರ್ಕಲ್ ಹೊಕ್ಕರೆ ಮುಗಿಯಿತು, ಇಡೀ ಗುಂಪು ಒಂದೇ ವಾಹನದ ಲೆಕ್ಕ. ಅಲ್ಕೂದಿಯಾ ಎಂಬ ಪೇಟೆಯ ಸರ್ಕಲಿನಲ್ಲಿ ಡಾಕ್ಟ್ರು ಮುಂದೆ ಹೋದರು, ನಾವು ಹೆದರಿ ನಿಂತೆವು. ಕಾರಿನವರೂ ನಿಂತರು. ಕೊನೆಗೆ ಕಾರಿನ ಹೆಂಗಸೇ ಕೈ ಮಾಡಿ, ಹೋಗಿ ಮಾರಾಯ್ರೆ ಎಂಬಂತೆ ಕಳಿಸಿದರು.

ಬೆಟ್ಟದ ರಸ್ತೆಗಳಲ್ಲಿ ಬೋರ್ಡುಗಳಿವೆ. ಕೆಲವದರಲ್ಲಿ ಕಾರು, ಸೈಕಲ್ ಚಿತ್ರ, ನಡುವೆ 1.5 ಮೀಟರ್. ಕೆಲವದರಲ್ಲಿ ತುದಿಗೆ ಇನ್ನೆಷ್ಟು ಕಿಲೋಮೀಟರ್, ಚಡಾವು ಎಷ್ಟು ಅಂತ. ಇಷ್ಟೇ. ನಾವು ಹೋದ ಹೆಚ್ಚಿನ ದಾರಿಗಳಲ್ಲಿ ಬೇರೆ ಸೈಕಲ್ ಟ್ರ್ಯಾಕ್ ಇರಲಿಲ್ಲ. ಬಾದಾಮಿ ತೋಟ, ಕಲ್ಲು ಪೇರಿಸಿದ ಗೋಡೆ, ನಡುವೆ ನಮ್ಮ ಶಿರ್ವ, ಬೆಳ್ಮಣ್ ಕಡೆಯಷ್ಟೇ ಅಗಲದ ಡಾಮರು ರಸ್ತೆ.

ಅಲ್ಲಿ ಎಲ್ಲ ಸ್ವರ್ಗ ಅಂತ ಹೇಳುತ್ತಿಲ್ಲ. ಪ್ರವಾಸಿಗರಿಂದ ಮನೆ ಬಾಡಿಗೆ ಏರಿತು ಅಂತ 2024ರಲ್ಲಿ ದ್ವೀಪದ ರಾಜಧಾನಿ ಪಾಲ್ಮಾದ ಜನ ಬೀದಿಗಿಳಿದಿದ್ದರು. ನಮ್ಮವರು ಅದನ್ನೂ ನೋಡಿ ಕಲಿಯಲಿ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಸುರುಳಿ ಸುತ್ತಿ ಮೇಲೆ ಸಕ್ಕರೆ ಉದುರಿಸಿದ ಎನ್ಸೈಮಾದಾ ಎಂಬ ತಿಂಡಿ ಕಂಡರೆ ಆಸೆ ಪಡಬೇಡಿ, ಅದರಲ್ಲಿ ಹಂದಿ ಕೊಬ್ಬು. ಭಟ್ರು ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಸುರಿದು, ಮನೆಯಿಂದ ತಂದ ಚಟ್ನಿಪುಡಿ ಹಾಕಿ ಸುಖವಾಗಿದ್ದರು.

ಈಗ ಊರಿನ ವಿಷಯ. ಸಾ ಕಲೋಬ್ರಾ ದಾರಿಯ ನೆತ್ತಿ ಸಮುದ್ರಮಟ್ಟದಿಂದ 682 ಮೀಟರ್. ನಮ್ಮ ಆಗುಂಬೆ ಸುಮಾರು 640. ತಿರುವು 14. ಕಾಡು ಅವರಿಗಿಂತ ನಮ್ಮದೇ ಚೆಂದ, ಇದರಲ್ಲಿ ನಾನು ರಾಜಿ ಆಗುವವನಲ್ಲ. ಕಾಪು ದೀಪಸ್ತಂಭದಿಂದ ಮಟ್ಟು, ಪಡುಕೆರೆ ಹಿಡಿದು ಮಲ್ಪೆಗೆ ಹೋಗುವ ರಸ್ತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗು. ಅಂಥದ್ದಕ್ಕೆ ದೂರದೇಶದವರು ದುಡ್ಡು ಕೊಟ್ಟು ಬರುತ್ತಾರೆ.

ಕೊರತೆ ಎಲ್ಲಿ ಅಂದರೆ, ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಮೊಣಕೈಗೆ ತಾಗುವಷ್ಟು ಹತ್ತಿರ ಬರುತ್ತದೆ. ಬದಿಗೆ ಸರಿಯೋಣ ಅಂದರೆ ಮರಳು, ಒಡೆದ ಬಾಟ್ಲಿ, ಮತ್ತೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್. ಒಳರಸ್ತೆಯಲ್ಲಿ ಮಳೆಗೆ ಅಂಚಿನ ಮಣ್ಣು ಕೊಚ್ಚಿ ಹೋಗಿ ಡಾಮರಿನಿಂದ ಕೆಳಗೆ ಅರ್ಧ ಅಡಿ ಗುಂಡಿ. ಚಕ್ರ ಅಲ್ಲಿಗೆ ಇಳಿದರೆ ಮೇಲೆ ಬರುವುದಿಲ್ಲ, ನಾವೇ ಬೀಳುವುದು. ಬಣ್ಣ ಹೋದ ಹಂಪ್ಸ್ ಬಗ್ಗೆ ನಿಮ್ಮಲ್ಲೇ ಬೇಕಾದಷ್ಟು ಪತ್ರ ಬಂದಿದೆ.

ಬಸ್ಸಿನ ಡ್ರೈವರುಗಳನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ನಮ್ಮ ಖಾಸಗಿ ಬಸ್ಸು ಓಡುವುದು ಟೈಮಿಂಗ್ ಮೇಲೆ. ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನ ಜನ ಬೇರೆ ಬಸ್ಸಿಗೆ ಹತ್ತುತ್ತಾರೆ. ಕಲೆಕ್ಷನ್ ಇಳಿದರೆ ಸಂಜೆ ಮಾತು ಕೇಳಬೇಕು. ಸೈಕಲಿನ ಹಿಂದೆ ಅರ್ಧ ನಿಮಿಷ ಕಾಯುವ ತಾಳ್ಮೆ ಅವನಿಗೆ ಬರಬೇಕಾದರೆ, ಆ ಅರ್ಧ ನಿಮಿಷ ಮೊದಲು ಟೈಮಿಂಗ್ ಪಟ್ಟಿಯಲ್ಲಿ ಬರಬೇಕು. ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ, ಸರ್ಕಲ್, ಸಿಗ್ನಲ್ ಎಲ್ಲ ಜಾಸ್ತಿಯಾಗಿವೆ. ಅದಕ್ಕೆ ತಕ್ಕಂತೆ ಪಟ್ಟಿ ತಿದ್ದಬೇಕಲ್ವಾ? ಮಾಲಕರು ಮತ್ತು ಆರ್‌ಟಿಒ ಕೂತು ಮಾತಾಡಿದರೆ ಆಗುವ ಕೆಲಸ.

ಇದು ಬಣ್ಣದ ಜರ್ಸಿ ಹಾಕಿದ ನಮ್ಮಂಥವರಿಗೆ ಮಾತ್ರ ಅಂತ ತಿಳಿಯಬೇಡಿ. ನಾವು ಬೆಳಕು ಹರಿದ ಮೇಲೆ ಹೊರಟು ತಿಂಡಿಗೆ ಮನೆಗೆ ಬರುವವರು. ಭಟ್ರ ಅಡುಗೆ ಕೆಲಸದ ಹುಡುಗರು ಮದುವೆ ಊಟ ಮುಗಿಸಿ, ಪಾತ್ರೆ ತೊಳೆದು, ರಾತ್ರಿ ಹನ್ನೊಂದರ ಮೇಲೆ ಅದೇ ಹೆದ್ದಾರಿಯಲ್ಲಿ ಹಳೇ ಸೈಕಲಿನಲ್ಲಿ ಹೋಗುತ್ತಾರೆ. ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲ. ಅವರ ಮಡ್‌ಗಾರ್ಡಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸುವ ಕೆಲಸ ನಾವೇ ಶುರು ಮಾಡಿದ್ದೇವೆ. ಜಾಗ ಬಿಡಿಸುವುದು ನಮ್ಮ ಕೈಯಲ್ಲಿಲ್ಲ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಸಣ್ಣದು. ಸದ್ಯ ಕೋಟಿಗಟ್ಟಲೆಯ ಸೈಕಲ್ ಟ್ರ್ಯಾಕ್ ಬೇಡ. ಅದು ಆದರೂ ಕೊನೆಗೆ ಕಾರು ನಿಲ್ಲಿಸುವ ಜಾಗ ಆಗುತ್ತದೆ. ಆಗುಂಬೆ ಘಾಟಿಯ ಬುಡದಲ್ಲಿ, ಸೋಮೇಶ್ವರದ ಹತ್ತಿರ ಒಂದು, ಮಟ್ಟು-ಪಡುಕೆರೆ ರಸ್ತೆಯಲ್ಲಿ ನಾಲ್ಕು ಬೋರ್ಡ್ ಹಾಕಿ: ಸೈಕಲಿಗೆ ಒಂದೂವರೆ ಮೀಟರ್ ಬಿಡಿ. ಮಳೆ ನಿಂತ ಮೇಲೆ ರಸ್ತೆಯ ಅಂಚಿಗೆ ಮಣ್ಣು ತುಂಬಿಸಿ. ಬೋರ್ಡಿನ ಖರ್ಚು ಕೊಡಲು ನಮ್ಮ ಐಸ್ ಪ್ಲಾಂಟಿನವರು ಒಪ್ಪಿದ್ದಾರೆ. ಎಲ್ಲಿ ನೆಡಬೇಕು ಅಂತ ತೋರಿಸಲು ನಾವು ಯಾವ ಬೆಳಗ್ಗೆಯೂ ತಯಾರು. ಬರುವ ಅಧಿಕಾರಿಗೆ ಒಂದು ಸೈಕಲ್ ಹೆಚ್ಚುವರಿ ಉಂಟು.

ಇತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ
ಕಟಪಾಡಿ, ಉಡುಪಿ ಜಿಲ್ಲೆ