ಗಾಡಿಯಲ್ಲಿ ಮನೆಯ ಫ್ರಿಜ್: ಹೊರಡುವ ಮುನ್ನ ಓದಿ

ಆತ್ಮೀಯರೇ, ದಾವಣಗೆರೆಯಿಂದ ದೂರ ಪ್ರವಾಸಕ್ಕೆ ಮನೆಗಾಡಿ ಸಿದ್ಧಪಡಿಸುತ್ತಿರುವವರು ದಯವಿಟ್ಟು ಗಮನಿಸಿ.

ಮನೆಯ ಫ್ರಿಜ್ಜಿಗೆ 230 ವೋಲ್ಟ್ ಎಸಿ ಬೇಕು. ದಾರಿಯಲ್ಲಿ ಅದನ್ನು ಕೊಡುವುದು ಬ್ಯಾಟರಿಗೆ ಜೋಡಿಸಿದ ಇನ್ವರ್ಟರ್. ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆಯ ಎಸಿ ಕೊಡುವ) ಇನ್ವರ್ಟರನ್ನೇ ಕೊಳ್ಳಿ. ಇಲ್ಲಿ ಹಣ ಉಳಿಸಲು ಹೋಗಬೇಡಿ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ, ಅದನ್ನು ತಾಳುವ ಸಾಮರ್ಥ್ಯ ಇರಲಿ.

ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಫ್ರಿಜ್ ಜೋಡಿಸಲೇಬೇಡಿ, ನಡುದಾರಿಯಲ್ಲಿ ನಿಲ್ಲುತ್ತೀರಿ. ಬೇರೆ ಬ್ಯಾಟರಿ ಇಟ್ಟು, ಆಲ್ಟರ್ನೇಟರ್‌ನಿಂದ (ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಯಂತ್ರ) ಡಿಸಿ-ಡಿಸಿ ಚಾರ್ಜರ್ (ಆ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸುವ ಸಾಧನ) ಮೂಲಕ ತುಂಬಿಸಿ. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1.2 ಯೂನಿಟ್ ಇರುತ್ತದೆ. ಲೆಡ್-ಆಸಿಡ್ ಆದರೆ ಅರ್ಧದಷ್ಟನ್ನೇ ನಂಬಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು.

ಚಿತ್ರದುರ್ಗದವರೆಗಿನ ದಾರಿಗೆ ಇದಾವುದೂ ಬೇಡ: ಬಾಗಿಲು ತೆರೆಯದಿದ್ದರೆ ತಂಪು ಸುಮಾರು 4 ಗಂಟೆ ಉಳಿಯುತ್ತದೆ.