ಮಳೆ ಪುಸ್ತಕದ ಜೊತೆಗೊಂದು ಕಾಗದ

ಸಕಲೇಶಪುರ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯುತ್ತಾ ಜಗಲಿಯಲ್ಲಿ ಕೂತಾಗ ನೀನೊಂದು ಮಾತಂದೆ. "ಹವಾಮಾನ ಯಾವಾಗಲೂ ಬದಲಾಗ್ತಾನೇ ಇತ್ತು ದೊಡ್ಡಪ್ಪ. ಮೇಲಿನ ತೋಟದ ನೆರಳು ಮರ ತೆಗೆಸಿದರೆ ಏನಾಗುತ್ತೆ?" ಆಗ ಸುಮ್ಮನಿದ್ದೆ. ಮೊದಲನೆಯ ಮಾತು ನಿಜ. ಎರಡನೆಯದಕ್ಕೆ ಈ ಕಾಗದ.

ಭೂಮಿ ಬುಗುರಿಯ ಹಾಗೆ ಓರೆಯಾಗಿ ತಿರುಗುತ್ತದೆ, ಅಲ್ವಾ? ಆ ಓರೆ ಹೆಚ್ಚಾಗಿ ಮತ್ತೆ ಕಮ್ಮಿಯಾಗಲು ಸುಮಾರು 41,000 ವರ್ಷ ಬೇಕು. ಸೂರ್ಯನನ್ನು ಸುತ್ತುವ ದಾರಿ ಉದ್ದವಾಗಿ ಮತ್ತೆ ದುಂಡಗಾಗಲು ಸುಮಾರು ಲಕ್ಷ ವರ್ಷ. ಹಿಮಯುಗಗಳು ಬಂದು ಹೋದದ್ದು ಇದರ ತಾಳಕ್ಕೆ. ಸುಮಾರು 20,000 ವರ್ಷದ ಹಿಂದೆ ಅಷ್ಟೊಂದು ನೀರು ಮಂಜುಗಡ್ಡೆಯಾಗಿತ್ತು, ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು. ಈಗಿನ ಮಂಗಳೂರಿನ ದಡದಲ್ಲಿ ನಿಂತಿದ್ದರೆ ಕಡಲೇ ಕಾಣುತ್ತಿರಲಿಲ್ಲ!

ಜ್ವಾಲಾಮುಖಿಯದು ಬೇರೆ ಲೆಕ್ಕ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿಯಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಎರಡು ಮೂರು ವರ್ಷಕ್ಕೆ ಮತ್ತೆ ಮೊದಲಿನಂತೆ. ಶಾಂತಸಾಗರದ ನೀರು ಬಿಸಿಯಾಗಿ ನಮ್ಮ ಮಳೆ ಕೆಡಿಸುವ ಎಲ್ ನಿನೊ ನಿನಗೇ ಗೊತ್ತು. ನಮ್ಮ ಮಳೆ ಪುಸ್ತಕದಲ್ಲಿ 2023ರ ಆಗಸ್ಟ್ ತೆಗೆದು ನೋಡು, ಇಂಚು ಇರಬೇಕಾದ ಕಡೆ ಬರೀ ಸೆಂಟು, ಅಂದರೆ ಇಂಚಿನ ನೂರನೇ ಪಾಲಿನ ಲೆಕ್ಕ.

ಇವೆಲ್ಲ ಒಂದೋ ಸಾವಿರಾರು ವರ್ಷ ತೆಗೆದುಕೊಳ್ಳುತ್ತವೆ, ಇಲ್ಲವೇ ಬಂದು ಹೋಗುತ್ತವೆ. ಈಗಿನ ಬಿಸಿ ಎರಡೂ ಅಲ್ಲ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಪಾಲಿದ್ದ, ಕಂಬಳಿಯ ಹಾಗೆ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ 420 ದಾಟಿದೆ, ಅದೂ ಎರಡೂವರೆ ಶತಮಾನದೊಳಗೆ. ಸೂರ್ಯನೇ ಕಾರಣವಾಗಿದ್ದರೆ ತೀರಾ ಮೇಲಿನ ಗಾಳಿಯೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗೆ, ಕಂಬಳಿಯ ಹೊರಮೈ ತಣ್ಣಗೆ.

ಇನ್ನು ಮರದ ವಿಷಯ. ಬಿಸಿ ಹೀಗೆ ಏರುವಾಗ ಕಾಫಿಗೆ ನೆರಳೇ ಆಸರೆ. ನಿನ್ನ ವಯಸ್ಸಿನಲ್ಲಿ ನಾನೂ ಇಳುವರಿ ಆಸೆಗೆ ಹಳ್ಳದ ಪಕ್ಕದ ಅರ್ಧ ಎಕರೆಯಲ್ಲಿ ನೆರಳು ಬರಿದು ಮಾಡಿಸಿದೆ. ಎರಡು ವರ್ಷ ಚೆನ್ನಾಗಿಯೇ ಬಂತು. ಆಮೇಲೆ ಬಿಸಿಲು ಬಿದ್ದ ಅರೇಬಿಕಾ ಕಾಫಿ ಗಿಡಗಳಿಗೆ ಕಾಂಡಕೊರಕ ಹುಳ ಹತ್ತಿತು. ಎಲೆ ಹಳದಿಯಾದ ಗಿಡ ಸೀಳಿದರೆ ಒಳಗೆಲ್ಲ ಸುರಂಗ, ಹಿಟ್ಟಿನಂಥ ಪುಡಿ. ಕಿತ್ತು ಸುಟ್ಟೆವು. ನಿಮ್ಮ ತಾತ ಒಂದು ಮಾತೂ ಬಯ್ಯಲಿಲ್ಲ, ಅದೇ ಜಾಸ್ತಿ ನೋವಾಯಿತು.

ಕಡಿಸಬೇಡ. ಮರಗಸಿ ಮಾಡಿಸು, ಅಂದರೆ ಕೊಂಬೆ ಮಾತ್ರ ಸವರಿಸು, ಅದೂ ಹದವಾಗಿ. ಪುಸ್ತಕ ಇನ್ನು ನಿನ್ನ ಹತ್ತಿರ ಇರಲಿ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರಿ. ಅಳತೆ ಡಬ್ಬಿಯ ಬಾಯಿಗೆ ಎಲೆ ಸಿಕ್ಕಿಕೊಳ್ಳುತ್ತೆ, ಮೊದಲು ಅದನ್ನು ತೆಗಿ.

ನಿನ್ನ ದೊಡ್ಡಪ್ಪ