ಪಲ್ಲವಿ ಎಲ್ಲಿದೆ?

ಪುಟ ಕಳಿಸಲು ಇವತ್ತು ರಾತ್ರಿಯೇ ಕೊನೆ. ನಮ್ಮ ಕನ್ನಡ ಬಳಗದ ಪತ್ರಿಕೆಯ ರಾಜ್ಯೋತ್ಸವದ ಸಂಚಿಕೆಗೆ ಬೇರೆಯೇ ಬರಹ ನಿಗದಿಯಾಗಿತ್ತು. ಆದರೆ ಕನ್ನಡ ತರಗತಿಯಲ್ಲಿ ಮೆಟಲ್ ತಂಡವೊಂದರ ಹೆಸರಿದ್ದ ಕಪ್ಪು ಟೀ ಶರ್ಟ್ ತೊಟ್ಟು ಬಂದ ಹುಡುಗನನ್ನು ಪಕ್ಕದ ಪುಟ್ಟಿ ಕೇಳಿದಳಂತೆ: "ಇವ್ರು ಬರೀ ಕಿರುಚ್ತಾರಲ್ವಾ, ಇದ್ರಲ್ಲಿ ಪಲ್ಲವಿ ಎಲ್ಲಿದೆ?"

ಪ್ರಶ್ನೆ ಬಲವಾಗಿದೆ. ಉತ್ತರ ಈ ಊರಲ್ಲೇ ಇದೆ. ಅಂಗಿಯ ಮೇಲಿದ್ದ ಹೆಸರು ಅಟ್ ದ ಗೇಟ್ಸ್, 1990ರಲ್ಲಿ ಸ್ವೀಡನ್ನಿನ ಇದೇ ಗೊಥೆನ್‌ಬರ್ಗ್‌ನಲ್ಲಿ ಹುಟ್ಟಿದ ತಂಡ. ಅದರ ಗಾಯಕ, ವೃತ್ತಿಯಲ್ಲಿ ಶಾಲಾ ಮೇಷ್ಟ್ರೂ ಆಗಿದ್ದ ತೋಮಸ್ ಲಿಂಡ್‌ಬರ್ಗ್ 2025ರ ಸೆಪ್ಟೆಂಬರ್ 16ರಂದು, 52ನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರುವಾಸಿ ಆಲ್ಬಂ 'ಸ್ಲಾಟರ್ ಆಫ್ ದ ಸೋಲ್'ಗೆ 2025ರ ನವೆಂಬರಿನಲ್ಲಿ ಮೂವತ್ತು ವರ್ಷ ತುಂಬುತ್ತದೆ.

ಪಲ್ಲವಿ ಹುಡುಕುವವರು ಗಾಯಕನ ಬಾಯಿ ನೋಡಬಾರದು, ಗಿಟಾರ್ ಕೇಳಬೇಕು. ಈ ತಂಡದ ಶೈಲಿ, ಕಿರುಚುದನಿಯ ಬಿರುಸು ರಾಕ್ ಆದ ಮೆಲೋಡಿಕ್ ಡೆತ್ ಮೆಟಲ್‌ನಲ್ಲಿ ರಾಗ ಗಿಟಾರಿನದು. ದನಿಯದು ಹೆಚ್ಚುಕಡಿಮೆ ತಾಳವಾದ್ಯದ ಕೆಲಸ. 1992ರ ಮೊದಲ ಆಲ್ಬಂನಲ್ಲಿ ಈ ತಂಡವೂ ದಾರಿ ತಪ್ಪಿಸುತ್ತಿತ್ತು: ಪಿಟೀಲು ಬೇರೆ, ಒಂದು ಹಾಡಿನೊಳಗೆ ಲೆಕ್ಕ ಸಿಗದಷ್ಟು ತಿರುವು. ಆ ಗೋಜಲಿನ ಮುಖ್ಯ ಕರ್ತೃ, ಗಿಟಾರಿಸ್ಟ್ ಆಲ್ಫ್ ಸ್ವೆನ್ಸನ್ 1993ರಲ್ಲಿ ಹೊರಟರು. ಅವಳಿಗಳಾದ ಆಂಡರ್ಸ್, ಯೋನಸ್ ಬ್ಯೋರ್ಲರ್ ಹಾಡುಗಳನ್ನು ಕತ್ತರಿಸುತ್ತ ಹೋದರು. 1995ರ ಆಲ್ಬಂನಲ್ಲಿ ಹನ್ನೊಂದು ಹಾಡು, ಒಟ್ಟು ಸುಮಾರು 34 ನಿಮಿಷ. ಪಲ್ಲವಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದನ್ನು ಮುದ್ರಿಸಿದ್ದು ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ, ಫ್ರೆಡ್ರಿಕ್ ನೂರ್ಡ್‌ಸ್ಟ್ರೋಮ್ ಕೈಯಲ್ಲಿ.

ಮರುವರ್ಷವೇ ತಂಡ ಒಡೆಯಿತು. ಅವಳಿಗಳೂ ಡ್ರಮ್ಮರ್ ಏಡ್ರಿಯನ್ ಎರ್ಲಂಡ್ಸನ್ನರೂ ಸೇರಿ ದ ಹಾಂಟೆಡ್ ಎಂಬ ಹೊಸ ತಂಡ ಕಟ್ಟಿದರು. ಇಲ್ಲದ ತಂಡದ ವರಸೆಯನ್ನು ಅಮೆರಿಕದ ಒಂದು ತಲೆಮಾರಿನ ಹುಡುಗರು ಕಲಿತುಕೊಂಡ ಮೇಲೆ, 2008ರಲ್ಲಿ ಅಟ್ ದ ಗೇಟ್ಸ್ ವೇದಿಕೆಗೆ ಮರಳಿತು. ಬೀಳ್ಕೊಡುಗೆಯ ಸುತ್ತು ಎಂದಿದ್ದು ಅಲ್ಲಿಗೇ ನಿಲ್ಲದೆ 2014ರಲ್ಲಿ ಹೊಸ ಆಲ್ಬಂ ತಂದಿತು. ಕ್ಯಾನ್ಸರ್ ಪತ್ತೆಯಾದ ಮೇಲೆ, ಮೊದಲ ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಒಂದೇ ದಿನದಲ್ಲಿ ಲಿಂಡ್‌ಬರ್ಗ್ ಕೊನೆಯ ಆಲ್ಬಂನ ದನಿ ಮುದ್ರಿಸಿಟ್ಟರು.

ಇನ್ನು ವೇದಿಕೆ. ನಿಜವಾದ ಕಷ್ಟ ಇರುವುದು ಅಲ್ಲಿ. ಈ ಶೈಲಿಯಲ್ಲಿ ತಂತಿಗಳನ್ನು ನಾಲ್ಕೈದು ಸ್ವರಸ್ಥಾನ ಇಳಿಸಿ ಶ್ರುತಿ ಮಾಡುತ್ತಾರೆ. ತೆಳು ತಂತಿಯಲ್ಲೇ ಇಳಿಸಿದರೆ ಅದು ಸಡಿಲವಾಗುತ್ತದೆ. ಜೋರಾಗಿ ಮೀಟಿದಾಗ ಕ್ಷಣಕಾಲ ಶ್ರುತಿ ಮೇಲಕ್ಕೆ ಜಿಗಿಯುತ್ತದೆ. ಒಂದೇ ಗಿಟಾರಾದರೆ ಯಾರಿಗೂ ತಿಳಿಯದು. ಎರಡು ಗಿಟಾರು ಒಂದೇ ರಾಗವನ್ನು ಮೂರನೇ ಸ್ವರದ ಅಂತರದಲ್ಲಿ ನುಡಿಸುವಾಗ ಆ ಚೂರು ವ್ಯತ್ಯಾಸವೇ ಕಿವಿಗೆ ಮರಳು ಎರಚಿದಂತೆ. ಹಾಗಾಗಿ ದಪ್ಪ ತಂತಿ ಹಾಕಿ, ತಂತಿಗಳು ಕೂರುವ ಬ್ರಿಡ್ಜ್‌ನಲ್ಲಿ ಪ್ರತಿ ತಂತಿಯ ಉದ್ದವನ್ನೂ ಮತ್ತೆ ಹೊಂದಿಸಬೇಕು.

ಡ್ರಮ್ಮಿನದು ಬೇರೆ ಗೋಳು. ನಿಮಿಷಕ್ಕೆ 200 ಬಡಿತದ ಲಯದಲ್ಲಿ ಪ್ರತಿ ಬಡಿತಕ್ಕೂ ನಾಲ್ಕು ಏಟೆಂದರೆ ಸೆಕೆಂಡಿಗೆ ಸುಮಾರು ಹದಿಮೂರು. ಏಟಿನಿಂದ ಏಟಿಗೆ 75 ಮಿಲಿಸೆಕೆಂಡ್. ಎರಡು ಸೆಕೆಂಡ್ ಪ್ರತಿಧ್ವನಿಸುವ ಸಭಾಂಗಣದಲ್ಲಿ ಅದು ಗುಡುಗಿನ ಅಂಬಲಿ. ಧ್ವನಿ ವ್ಯವಸ್ಥೆಯವರು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ತಗ್ಗು ದನಿಯ ಬಾಲ ಕತ್ತರಿಸಿ, 3ರಿಂದ 4 ಕಿಲೋಹರ್ಟ್ಸ್ ಸುತ್ತಿನ 'ಟಕ್' ಎನ್ನುವ ತುದಿಯನ್ನು ಎತ್ತುತ್ತಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಐರನ್ ಮೇಡನ್, 2011ರ ಮೆಟಾಲಿಕಾ ಕೇಳಿದವರಿಗೆ ವ್ಯತ್ಯಾಸ ಗೊತ್ತು: ಬಯಲಲ್ಲಿ ಗೋಡೆಯೇ ಇಲ್ಲ, ಸದ್ದು ತಿರುಗಿ ಬರುವುದಿಲ್ಲ.

ಮೈಕು ಹಿಡಿಯುವುದಂತೂ ನಮ್ಮ ಭಾವಗೀತೆಯ ಮಕ್ಕಳಿಗೂ ಬೇಕಾದ ಪಾಠ. ಜಾಲರಿಯ ಬುಡದಲ್ಲಿರುವ ಸಣ್ಣ ಕಿಂಡಿಗಳಿಂದಲೇ ಮೈಕು ಹಿಂದಿನ ಸದ್ದನ್ನು ತಡೆಯುವುದು. ಅದನ್ನು ಅಂಗೈಯಲ್ಲಿ ಮುಚ್ಚಿದರೆ ಎಲ್ಲ ದಿಕ್ಕಿನ ಸದ್ದೂ ಒಳಗೆ. ಗಾಯಕರಿಗೆ ತಮ್ಮ ದನಿ ಕೇಳಿಸಲು ಎದುರಿಡುವ ಮಾನಿಟರ್ ಸ್ಪೀಕರಿನದೂ ಸೇರಿ 'ಕುಂಯ್' ಎಂದು ಶುರು. ಕೆಲವು ಮೆಟಲ್ ಗಾಯಕರು ದನಿ ದಪ್ಪವಾಗಲೆಂದು ಬೇಕೆಂದೇ ಮುಚ್ಚುತ್ತಾರೆ, ಅಕ್ಷರಗಳು ಮಸುಕಾಗುತ್ತವೆ. ಕೈ ಮೈಕಿನ ಹಿಡಿಕೆಯ ಮೇಲಿರಲಿ.

ಈಗ ಅವಸರದಲ್ಲಿ: ರಾಜ್ಯೋತ್ಸವ ನವೆಂಬರ್ 1, ಶನಿವಾರ, ಮಧ್ಯಾಹ್ನ 2ಕ್ಕೆ. ಆ ದಿನ ಕನ್ನಡ ತರಗತಿ ಇಲ್ಲ. ನಾಡಗೀತೆಯ ತಾಲೀಮು ಹಿಂದಿನ ಸಂಜೆ 6ಕ್ಕೆ. ಬಿಸಿಬೇಳೆ ಬಾತ್, ಮೊಸರನ್ನಕ್ಕೆ ತಲೆ ಲೆಕ್ಕ ಭಾನುವಾರದೊಳಗೆ ಬೇಕು. ದೀಪಾವಳಿಯ ದೊಡ್ಡ ಪಾತ್ರೆ ಎರಡು ಯಾರ ಮನೆಯಲ್ಲಿವೆಯೋ, ದಯವಿಟ್ಟು ತನ್ನಿ.

ಧ್ವನಿಯ ಮಿತಿಯೂ ನೆನಪಿರಲಿ. ಇಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ದೊಡ್ಡವರದೇ ಕಾರ್ಯಕ್ರಮಕ್ಕೆ ಸರಾಸರಿ 100 ಡೆಸಿಬೆಲ್, 13ರೊಳಗಿನ ಮಕ್ಕಳಿಗೂ ಪ್ರವೇಶವಿದ್ದರೆ 97. ನಮ್ಮದು ಎರಡನೆಯದು. ಮಕ್ಕಳ ಇಯರ್ ಪ್ಲಗ್ ತನ್ನಿ.

ಮತ್ತೊಂದು ಮಾತು. ನಾಲ್ಕು ವರ್ಷ ನಮ್ಮ ಧ್ವನಿ ಮಿಕ್ಸರ್ ನೋಡಿಕೊಂಡವರು ಕೆಲಸದ ಅವಧಿ ಮುಗಿದು ಬೆಂಗಳೂರಿಗೆ ಮರಳಿದ್ದಾರೆ. ಹನ್ನೆರಡು ಚಾನೆಲ್ಲು, ಅದರಲ್ಲಿ ಬಳಸುವುದು ಏಳು. ಕೇಬಲ್ಲುಗಳಿಗೆಲ್ಲ ಅವರೇ ಚೀಟಿ ಅಂಟಿಸಿಟ್ಟಿದ್ದಾರೆ. ಆ ಕೆಲಸಕ್ಕೆ ಇಬ್ಬರು ಬೇಕು. ಆ ಕಪ್ಪು ಟೀ ಶರ್ಟಿನ ಹುಡುಗ ಬಂದರೂ ಸರಿ. ಸಂಪಾದಕರ ಕುರ್ಚಿಯೂ ಬರುವ ಜನವರಿಯಿಂದ ಖಾಲಿ, ಅದನ್ನು ಆಮೇಲೆ ಮಾತಾಡೋಣ. ಡೊಳ್ಳಿಗೆ ಮಾತ್ರ ಯಾರೂ ಮೈಕು ಇಡಬೇಡಿ.